ಉಬ್ಬುಹಲ್ಲಿನ ಚಕ್ರ ಮತ್ತು ನೂರಿಪ್ಪತ್ತೇಳು

ಆಲೆಮನೆಯ ಕಬ್ಬಿನ ಗಾಣದಲ್ಲಿ ಇಪ್ಪತ್ತು ಹಲ್ಲಿನ ಒಂದು ಪುಟ್ಟ ಚಕ್ರವಿತ್ತು. ಅದರ ಒಂದು ಹಲ್ಲು ಉಬ್ಬು. ಜೋಡಿಯಾಗಿ ಬಂದ ನೂರಿಪ್ಪತ್ತು ಹಲ್ಲಿನ ದೊಡ್ಡ ಚಕ್ರಕ್ಕೆ ತನ್ನ ಒಂದು ಹಲ್ಲು ಉಬ್ಬೆಂದು ಅದು ನಾಚಿಕೊಂಡೇ ಹೇಳಿತು.

"ಚಿಂತೆ ಬೇಡ. ಎರಡು, ಮೂರು, ಐದು, ಯಾರು ಬಂದರೂ ಶೇಷವಿಲ್ಲದೆ ಭಾಗವಾಗುವವನು ನಾನು. ನಿನ್ನ ಜೊತೆಗೂ ಲೆಕ್ಕ ಸರಿಹೋಗುತ್ತದೆ," ಎಂದಿತು ದೊಡ್ಡ ಚಕ್ರ.

ಲೆಕ್ಕವೇನೋ ಸರಿಹೋಯಿತು. ಆದರೆ ದೊಡ್ಡ ಚಕ್ರದ ಪ್ರತಿ ಸುತ್ತಿನಲ್ಲೂ ಉಬ್ಬುಹಲ್ಲು, ಇಪ್ಪತ್ತಕ್ಕೊಂದರಂತೆ, ಅವೇ ಆರು ಹಲ್ಲುಗಳಿಗೆ ಬಡಿಯಿತು. ವಾರ ಕಳೆಯುವುದರೊಳಗೆ ಆರೂ ಮುರಿದವು.

"ಇನ್ನೊಂದು ಚಕ್ರ ಕೆಡಿಸಿದ್ರ ನೀ ಗುಜರಿಗೆ ಹೋಗೂದು ಖರೆ," ಎಂದು ಗದರಿದ ಮಿಸ್ತ್ರಿ ಮೌಲಾಸಾಬ, ಮೂಲೆಯಲ್ಲಿ ಬಿದ್ದಿದ್ದ ನೂರಿಪ್ಪತ್ತೇಳು ಹಲ್ಲಿನ ಚಕ್ರವನ್ನು ತಂದು ಜೋಡಿಸಿದ.

ಪುಟ್ಟ ಚಕ್ರ ಬೇಡಿಕೊಂಡಿತು. "ಅಣ್ಣಾ, ನನ್ನ ಸಹವಾಸ ಬೇಡ. ನಿನ್ನ ಹಲ್ಲೂ ಮುರಿದಾವು."

"ತಮ್ಮಾ, ನಾನು ಅವಿಭಾಜ್ಯ. ಒಂದನ್ನೂ ನನ್ನನ್ನೂ ಬಿಟ್ಟರೆ ಯಾವ ಸಂಖ್ಯೆಯೂ ನನ್ನನ್ನು ಸಮನಾಗಿ ಭಾಗಿಸದು. ನೀನು ಇಪ್ಪತ್ತರಂತೆ ಎಣಿಸುತ್ತ ಬಂದರೆ ಕೊನೆಗೆ ಏಳು ಉಳಿಯುತ್ತದೆ. ಹಾಗಾಗಿ ನನ್ನ ಮುಂದಿನ ಸುತ್ತಿನಲ್ಲಿ ನಿನ್ನ ಪೆಟ್ಟು ಬೇರೆ ಹಲ್ಲುಗಳಿಗೆ. ನಾವು ನೂರಿಪ್ಪತ್ತೇಳು ಮಂದಿ ಸರದಿಯಲ್ಲಿ ತಡೆದುಕೊಳ್ಳುತ್ತೇವೆ. ತಿರುಗು!"

ಹಂಗಾಮು ಮುಗಿದ ಮೇಲೆ ಮೌಲಾಸಾಬ ಚಕ್ರಗಳನ್ನು ಬಿಚ್ಚಿ ಒರೆಸಿದ. ದೊಡ್ಡದರಲ್ಲಿ ಒಂದು ಹಲ್ಲೂ ಮುರಿದಿರಲಿಲ್ಲ. ಉಬ್ಬುಹಲ್ಲನ್ನು ಹುಡುಕುತ್ತ ಪುಟ್ಟ ಚಕ್ರವನ್ನು ಬೆರಳಿನಿಂದ ತಡವಿದ. ನೂರಿಪ್ಪತ್ತೇಳು ಹಲ್ಲುಗಳು ಸ್ವಲ್ಪಸ್ವಲ್ಪವೇ ಉಜ್ಜಿ ಅದನ್ನು ಸಪಾಟು ಮಾಡಿದ್ದವು.

"ಯಾವ್ದಪಾ ಅದು?" ಎನ್ನುತ್ತ ಅವನು ಮತ್ತೆ ಮೊದಲಿನಿಂದ ತಡವತೊಡಗಿದ. ಪುಟ್ಟ ಚಕ್ರ ಕಚಗುಳಿ ತಾಳಲಾರದೆ, ಇಪ್ಪತ್ತೂ ಹಲ್ಲು ತೋರಿಸಿ ನಕ್ಕಿತು.