ಮುಟ್ಟಿದರೆ ಸಾಕು

"ಬುದ್ಧಿ, ಒಂದೂ ಸುಳ್ಳು ಹೇಳದವನಿಗೆ ಪಾಪ ಅಂಟುತ್ತದೆಯೇ?" ಎಂದು ಮೃತ್ಯುಂಜಯ ಗುರುಗಳನ್ನು ಕೇಳಿದ.

ಮೃತ್ಯುಂಜಯ ಮಠದ ಶಿಷ್ಯ. ಪೇಟೆಯ ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಯೊಂದರಲ್ಲಿ ಅವನಿಗೆ ಕೆಲಸ. ಹೊಸದಾಗಿ ಸೇರಿದವರಿಗೆ ಗಿರಾಕಿಗಳ ಹತ್ತಿರ ಹೇಗೆ ಮಾತಾಡಬೇಕೆಂದು ಕಲಿಸುವವನು ಅವನೇ. ಹಿಂದಿನ ದಿನ ಮುದುಕರೊಬ್ಬರು ಅಂಗಡಿಯಲ್ಲಿ ಎಲ್ಲರೆದುರು ಅವನನ್ನು ಕಳ್ಳ ಎಂದಿದ್ದರು. ಆ ಮಾತು ಅವನನ್ನು ಕೊರೆಯುತ್ತಿತ್ತು.

"ನಾನು ಯಾರಿಗೂ ಸುಳ್ಳು ಕಲಿಸಿಲ್ಲ ಬುದ್ಧಿ. ಇಲ್ಲದ್ದನ್ನು ಇದೆ ಎನ್ನಬೇಡಿ, ಇರುವುದನ್ನು ಚೆನ್ನಾಗಿ ಹೇಳಿ ಎಂದಿದ್ದೇನೆ, ಅಷ್ಟೇ. ಕೊಳ್ಳುವವರು ಒಪ್ಪಿಯೇ ಕೊಳ್ಳುತ್ತಾರೆ. ಆಮೇಲೆ ಬಂದು ಬೈಯುತ್ತಾರೆ. ಅವರ ಸಿಟ್ಟಿಗೆ ನಾನು ಹೊಣೆಯೇ?"

ಗುರುಗಳ ಮುಖ ಬಿಗಿದುಕೊಂಡಿತು. ಬಳಿಕ ಅವರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಅನಸೂಯಮ್ಮ ಎಂಬ ಹೆಂಗಸಿದ್ದಳು. ಹುಟ್ಟಿದಂದಿನಿಂದ ಆಕೆಗೆ ಕಣ್ಣು ಕಾಣದು. ಜಿಲ್ಲಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಯಾರೇ ಫೋನು ಮಾಡಲಿ, ಎಷ್ಟೇ ಗಾಬರಿಯಲ್ಲಿರಲಿ, ಅವರನ್ನು ಬೇಕಾದ ವಾರ್ಡಿಗೆ, ಬೇಕಾದ ಡಾಕ್ಟರಿಗೆ ಜೋಡಿಸಿಕೊಡುತ್ತಿದ್ದಳು. ನಡುವೆ ಯಾರನ್ನೂ ಕೈಬಿಟ್ಟವಳಲ್ಲ.

ಆಕೆಯ ಗಂಡ ರೇವಣಸಿದ್ದಪ್ಪ. ಅವನಿಗೆ ಕಣ್ಣು ಕಾಣುತ್ತಿತ್ತು. ಬೆಳಿಗ್ಗೆ ಪೇಪರು ಬಂದರೆ ಹೆಂಡತಿಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತಿದ್ದ. ಒಂದು ದಿನ ಅವನಿಗೆ ಲಕ್ವ ಹೊಡೆಯಿತು. ಹಾಸಿಗೆ ಹಿಡಿದ. ನಾಲಿಗೆ ತೊದಲಿತು, ಬುದ್ಧಿ ಮಾತ್ರ ಮೊದಲಿನಂತೆಯೇ ಇತ್ತು. ತನ್ನ ಹಾಸಿಗೆ ಒದ್ದೆಯಾದದ್ದು ಅವನಿಗೆ ತಿಳಿಯುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಅನಸೂಯಮ್ಮ ದಿನವೂ ಅವನ ಹಾಸು, ಹೊದಿಕೆ, ಪಂಚೆ ಒಗೆದಳು. ಹಿಂಡಿ ಹಿಂಡಿ ಮಣಿಕಟ್ಟು ಊದಿಕೊಂಡಿತು. ಇನ್ನು ಬಟ್ಟೆ ಹಿಂಡಿದರೆ ಕೈ ನಿಮ್ಮ ಮಾತು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದರು. ಆಳು ಇಟ್ಟುಕೋ ಎಂದು ನೆಂಟರು ಹೇಳಿದರು. ಗಂಡನ ಬಟ್ಟೆಯನ್ನು ಇನ್ನೊಬ್ಬರು ಮುಟ್ಟಿದರೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆಂದು ಆಕೆಗೆ ಗೊತ್ತಿತ್ತು. ಹಾಗಾಗಿ ವಾಷಿಂಗ್ ಮೆಷಿನ್ ಕೊಳ್ಳಲು ಹೊರಟಳು.

ಊರಿನ ಹೊರಗೆ ದೊಡ್ಡ ಮಳಿಗೆಯೊಂದಿತ್ತು. ಬಾಗಿಲಲ್ಲಿ ತಣ್ಣನೆ ಗಾಳಿ, ಒಳಗೆ ಹಾಡು. ಭರತೇಶ ಎಂಬ ಮಾರಾಟದವನು ಎದುರು ಬಂದು ನಮಸ್ಕಾರ ಹೇಳಿದ. ಕುರ್ಚಿ ತಂದು ಕೂರಿಸಿದ. ನೀರು ಕೊಟ್ಟ.

ಅನಸೂಯಮ್ಮ ನೇರವಾಗಿ ಹೇಳಿದಳು: "ನನಗೆ ಕಣ್ಣು ಕಾಣೋದಿಲ್ಲಪ್ಪ. ಕೈ ನೋವು, ಬಟ್ಟೆ ಹಿಂಡೋಕೂ ಆಗಲ್ಲ. ಟಕ್ ಟಕ್ ಅಂತ ತಿರುಗೋ ಗುಂಡಿ ಇರೋ ಮೆಷಿನ್ ಬೇಕು. ಸದ್ದು ಕೇಳಿಕೊಂಡು ನಾನೇ ನಡೆಸಬೇಕು. ಮನೇಲಿ ಬೇರೆ ಯಾರೂ ಇಲ್ಲ."

ಅಂಥ ಮೆಷಿನ್ ಆ ಸಾಲಿನ ಕೊನೆಯಲ್ಲೇ ಇತ್ತು. ಆದರೆ ಆ ತಿಂಗಳು ಗಾಜಿನ ಫಲಕದ ಹೊಸ ಮೆಷಿನ್ ಖಾಲಿ ಮಾಡಬೇಕೆಂದು ಮೇಲಿನವರು ಹೇಳಿದ್ದರು. ಮಾರಿದವನಿಗೆ ಅದರಲ್ಲಿ ಪಾಲೂ ಇತ್ತು.

"ಮೇಡಂ, ಈಗ ತುಂಬಾ ಜನ ಇದನ್ನೇ ತಗೊಳ್ತಾರೆ. ಇದು ಫುಲ್ ಟಚ್. ತಿರುಗಿಸೋ ಕಷ್ಟ ಇಲ್ಲ, ಒತ್ತೋ ಕಷ್ಟ ಇಲ್ಲ. ನಿಮ್ಮ ಕೈ ನೋವಿಗೂ ಒಳ್ಳೇದು. ಸುಮ್ಮನೆ ಮುಟ್ಟಿದರೆ ಸಾಕು," ಎಂದ ಭರತೇಶ.

"ಗುಂಡಿಯದು?"

"ಅದು ಹಳೇ ಮಾಡೆಲ್ ಮೇಡಂ. ಇನ್ನು ಮುಂದೆಲ್ಲ ಟಚ್ಚೇ."

ಇದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಆಕೆಯ ಬೆರಳು ಹಿಡಿದು ಗಾಜಿನ ಮೇಲೆ ಒಂದು ಕಡೆ ಇಟ್ಟ. ಮೆಷಿನ್ ಸಣ್ಣಗೆ ಒಂದು ರಾಗ ನುಡಿಯಿತು. ಬೆರಳನ್ನು ಇನ್ನೊಂದು ಕಡೆ ಒಯ್ದ. ಮೆಷಿನ್ ನೀರು ತುಂಬತೊಡಗಿತು. ಅನಸೂಯಮ್ಮ ನಕ್ಕಳು. ಮುಟ್ಟಿ ತಿಳಿಯುವುದೇ ಆಕೆಯ ಬದುಕು. ಟಚ್ ಎಂಬ ಮಾತು ಕೇಳಿ, ಇದು ತನ್ನಂಥವರಿಗೆಂದೇ ಮಾಡಿದ ಮೆಷಿನ್ ಎಂದುಕೊಂಡಳು.

ಭರತೇಶ ಮೆಷಿನ್ನಿನ ಜೊತೆಗೆ ಹೆಚ್ಚಿನ ವಾರಂಟಿಯನ್ನೂ ಸೇರಿಸಿದ. ಬೇಡವೆಂದರೂ ಬಿಡಲಿಲ್ಲ. "ಮೆಷಿನ್ನಿಗೆ ಏನೇ ಆದರೂ ನಾವಿದ್ದೀವಿ ಮೇಡಂ," ಎಂದ. ಮೆಷಿನ್ನಿಗೆ ಹೊದಿಕೆ ಬೇಕೆಂದ, ಕೆಳಗೆ ಸ್ಟ್ಯಾಂಡು ಬೇಕೆಂದ, ತಿಂಗಳಿಗೊಮ್ಮೆ ಹಾಕುವ ಪುಡಿ ಬೇಕೆಂದ. ಆಕೆ ಎಲ್ಲಕ್ಕೂ ಒಪ್ಪಿದಳು. ಕುರ್ಚಿ ಕೊಟ್ಟವನು, ನೀರು ಕೊಟ್ಟವನು, ತನ್ನ ಕೈನೋವನ್ನು ನೆನೆದವನು. ಅವನ ಮೇಲೆ ಆಕೆಗೆ ನಂಬಿಕೆ ಬಂದಿತ್ತು.

ಮೆಷಿನ್ ಮನೆಗೆ ಬಂತು. ಜೋಡಿಸಲು ಬಂದವರು ತಾವೇ ಒಮ್ಮೆ ನಡೆಸಿ ಹೋದರು. ಮರುದಿನ ಬೆಳಿಗ್ಗೆ ಅನಸೂಯಮ್ಮ ಗಂಡನ ಹಾಸುಗಳನ್ನು ತುಂಬಿ ಬಾಗಿಲು ಹಾಕಿದಳು. ಗಾಜಿನ ಮೇಲೆ ಕೈಯಾಡಿಸಿದಳು.

ಗಾಜು ಎಲ್ಲ ಕಡೆಯೂ ಒಂದೇ ಆಗಿತ್ತು.

ಎಲ್ಲಿ ಏನಿದೆ ಎಂದು ಹುಡುಕುವ ಬೆರಳು ಹುಡುಕುವಾಗಲೇ ಎಲ್ಲವನ್ನೂ ಮುಟ್ಟುತ್ತಿತ್ತು. ಮುಟ್ಟಿದ್ದನ್ನೆಲ್ಲ ಮೆಷಿನ್ ಅಪ್ಪಣೆ ಎಂದುಕೊಂಡಿತು. ನೀರು ತುಂಬಿತು, ನಿಂತಿತು, ಮತ್ತೆ ತುಂಬಿತು. ಕೊನೆಗೆ ಕುಂಯ್ ಎಂದು ಕೂಗಿ ಬಾಗಿಲು ಬಿಗಿದು ನಿಂತುಬಿಟ್ಟಿತು. ಬಟ್ಟೆ ಒಳಗೆ, ಆಕೆ ಹೊರಗೆ.

ಪಕ್ಕದ ಮನೆಯವಳು ಬಂದು ಹೇಗೋ ಬಾಗಿಲು ತೆಗೆದುಕೊಟ್ಟಳು. ಗುರುತಿಗೆಂದು ಗಾಜಿನ ಮೇಲೆ ಸ್ಟಿಕ್ಕರ್ ಬೊಟ್ಟುಗಳನ್ನು ಅಂಟಿಸಿದಳು. ಅದರಿಂದಲೂ ಆಗಲಿಲ್ಲ. ಒಂದು ಬೊಟ್ಟು ಹುಡುಕುವಷ್ಟರಲ್ಲಿ ಬೆರಳು ಬೇರೆ ಜಾಗ ಮುಟ್ಟಿರುತ್ತಿತ್ತು. ಮತ್ತೆ ಬಾಗಿಲು ಬಿಗಿಯಿತು. ಈ ಸಲ ಪಕ್ಕದ ಮನೆಗೆ ಬೀಗ ಹಾಕಿತ್ತು. ಸಂಜೆಯವರೆಗೂ ಬಟ್ಟೆ ಕೊಳಕು ನೀರಿನಲ್ಲೇ ಕೊಳೆಯಿತು. ನಾತ ಮನೆಯೆಲ್ಲ ಹಬ್ಬಿತು.

ಆಕೆ ಅಂಗಡಿಗೆ ಫೋನು ಮಾಡಿದಳು. ಮುದ್ರಿಸಿಟ್ಟ ದನಿಯೊಂದು ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದಿತು. ಸಂಗೀತ ಕೇಳಿಸಿತು. ಒಬ್ಬರು ಎತ್ತಿಕೊಂಡು, ಇದಕ್ಕೆ ನೀವು ಕಂಪನಿಗೆ ಮಾತಾಡಬೇಕು ಎಂದರು. ಕಂಪನಿಯವರು ಅಂಗಡಿಗೆ ಮಾತಾಡಿ ಎಂದರು. ಏನೇ ಆದರೂ ನಾವಿದ್ದೀವಿ ಎಂದು ಭರತೇಶ ಕೊಟ್ಟಿದ್ದ ವಾರಂಟಿಯ ಕಡೆಯವರು, "ಮೆಷಿನ್ ಕೆಟ್ಟಿಲ್ಲವಲ್ಲ ಮೇಡಂ, ಕೆಟ್ಟರೆ ತಾನೇ ನಾವು ಬರೋದು," ಎಂದರು. ಬದುಕಿಡೀ ಇನ್ನೊಬ್ಬರ ಕರೆಗಳನ್ನು ದಡ ಮುಟ್ಟಿಸಿದವಳು ಫೋನು ಹಿಡಿದು ಕೂತೇ ಇದ್ದಳು.

ಆಗ ಒಳಗಿನಿಂದ ರೇವಣಸಿದ್ದಪ್ಪ ತೊದಲುತ್ತ ಹೇಳಿದ: "ಬಿಡು ಅನಸೂಯಾ. ನಂದು ತಪ್ಪಾಯ್ತು. ನನ್ನಿಂದ ನಿನಗೆ ಇಷ್ಟೆಲ್ಲ."

ಆಕೆಗೆ ಸಿಟ್ಟು ಬಂದದ್ದು ಆಗ. ಅಲ್ಲಿಯವರೆಗೆ ಆಕೆ ತನ್ನ ಕೈಯನ್ನೇ ಬೈದುಕೊಂಡಿದ್ದಳು. ಮಾರಿದವನು ತಪ್ಪಾಯಿತು ಎನ್ನಲಿಲ್ಲ, ಮೆಷಿನ್ ಮಾಡಿದವನು ಎನ್ನಲಿಲ್ಲ, ಫೋನು ಎತ್ತಿದ ಒಬ್ಬರೂ ಎನ್ನಲಿಲ್ಲ. ಏಳಲಾಗದೆ ಮಲಗಿದ ಮನುಷ್ಯ ತಪ್ಪಾಯಿತು ಎನ್ನುತ್ತಿದ್ದ.

ಮರುದಿನ ಆಸ್ಪತ್ರೆಗೆ ರಜೆ ಹೇಳಿ ಆಟೋ ಹತ್ತಿ ಅಂಗಡಿಗೆ ಹೋದಳು. ಕೋಲು ಊರಿಕೊಂಡು ಒಳಗೆ ಬಂದು, ಭರತೇಶನನ್ನು ಕರೆಯಿರಿ ಎಂದಳು.

ಭರತೇಶ ಅಲ್ಲೇ ಇದ್ದ. ಆಕೆ ಕೈ ಚಾಚಿದ್ದರೆ ಅವನ ಅಂಗಿ ಸಿಗುತ್ತಿತ್ತು. ಆಕೆಯನ್ನು ಕಂಡ ಕೂಡಲೇ ಅವನು ತುಟಿಯ ಮೇಲೆ ಬೆರಳಿಟ್ಟು ಜೊತೆಗೆ ಕೆಲಸ ಮಾಡುವವಳಿಗೆ ಸನ್ನೆ ಮಾಡಿದ. ಅನಸೂಯಮ್ಮನಿಗೆ ಹೇಗೂ ಕಾಣುವುದಿಲ್ಲವಲ್ಲ. ಜೊತೆಯವಳು, "ಅವರು ಬೇರೆ ಬ್ರಾಂಚಿಗೆ ಹೋಗಿದ್ದಾರೆ ಮೇಡಂ," ಎಂದಳು. ಭರತೇಶ ಶೂ ಸದ್ದಾಗದಂತೆ ಹಿಂದೆ ಸರಿದ.

ಅನಸೂಯಮ್ಮ ಕಾಯುತ್ತ ಕುಳಿತಳು. ಈ ಸಲ ಕುರ್ಚಿಯನ್ನು ಆಕೆಯೇ ತಡವಿ ಹುಡುಕಿಕೊಂಡಳು. ನೀರು ಯಾರೂ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಸಾಲಿನಾಚೆಯಿಂದ ಒಂದು ದನಿ ಕೇಳಿಸಿತು. "ತಿರುಗಿಸೋ ಕಷ್ಟ ಇಲ್ಲ, ಒತ್ತೋ ಕಷ್ಟ ಇಲ್ಲ ಸರ್. ಸುಮ್ಮನೆ ಮುಟ್ಟಿದರೆ ಸಾಕು."

ಆಕೆ ಎದ್ದು ದನಿಯ ಕಡೆ ನಡೆದಳು. ದನಿ ತಟ್ಟನೆ ನಿಂತಿತು. ಆಕೆಯೂ ನಿಂತಳು. ಎದುರಿಗೆ ಯಾರೋ ಉಸಿರು ಬಿಗಿಹಿಡಿದದ್ದು ಆಕೆಗೆ ತಿಳಿಯಿತು.

"ಬ್ರಾಂಚಿನಿಂದ ಬಂದೆಯಾ ಭರತೇಶಾ?" ಎಂದು ಕೇಳಿದಳು.

ಮ್ಯಾನೇಜರು ಓಡಿಬಂದರು. ಅವರ ಮಾತು ಬೆಣ್ಣೆಯಂತಿತ್ತು. ಪೆಟ್ಟಿಗೆ ತೆರೆದ ಮೆಷಿನ್ ವಾಪಸು ತೆಗೆದುಕೊಳ್ಳುವ ಕ್ರಮ ನಮ್ಮಲ್ಲಿಲ್ಲ ಎಂದರು. ಮೆಷಿನ್ ಸರಿಯಾಗಿಯೇ ಇದೆ ಎಂದರು. "ಡೆಮೊ ನೋಡಿ ತಾನೇ ನೀವು ಒಪ್ಪಿದ್ದು ಮೇಡಂ?" ಎಂದರು.

"ನಾನು ನೋಡಿದೆನಾ?" ಎಂದಳು ಆಕೆ.

ಮ್ಯಾನೇಜರು ಕೆಮ್ಮಿದರು. ಮನೆಯಲ್ಲಿ ಯಾರಾದರೂ ದೊಡ್ಡವರಿದ್ದರೆ ಕರೆದುಕೊಂಡು ಬನ್ನಿ, ಅವರ ಹತ್ತಿರ ಮಾತಾಡುತ್ತೇನೆ ಎಂದರು. ಅನಸೂಯಮ್ಮನಿಗೆ ಆಗ ಐವತ್ತು ದಾಟಿತ್ತು.

ಆಕೆ ಮ್ಯಾನೇಜರ ಜೊತೆ ವಾದ ಮಾಡಲಿಲ್ಲ. ಕೋಲಿನಿಂದ ತಡವಿಕೊಂಡು ಹೋಗಿ ಆ ಗಾಜಿನ ಮೆಷಿನ್ನುಗಳ ಸಾಲಿನಲ್ಲಿ ನಿಂತಳು. ಗಿರಾಕಿಗಳು ಬಂದರು. ಮಾರಾಟದವರು ತಮ್ಮ ಮಾತು ಶುರುಮಾಡಿದರು. ಅದು ಮುಗಿದ ಕೂಡಲೇ ಅನಸೂಯಮ್ಮ, ಆಸ್ಪತ್ರೆಯ ಫೋನಿನಲ್ಲಿ ಮಾತಾಡುವ ಸ್ಪಷ್ಟ ದನಿಯಲ್ಲಿ, "ನನಗೂ ಹೀಗೇ ಹೇಳಿದರು," ಎನ್ನುತ್ತಿದ್ದಳು. ಅಷ್ಟೇ. ಇನ್ನೊಂದು ಮಾತಿಲ್ಲ. ಗಿರಾಕಿಗಳು ಆಕೆಯನ್ನು ನೋಡುತ್ತಿದ್ದರು, ಕೋಲನ್ನು ನೋಡುತ್ತಿದ್ದರು, ಗಾಜನ್ನು ನೋಡುತ್ತಿದ್ದರು. ಆಮೇಲೆ ಬರುತ್ತೇವೆ ಎಂದು ಹೊರಡುತ್ತಿದ್ದರು.

ಮ್ಯಾನೇಜರು ಕಾವಲಿನವನನ್ನು ಕರೆದು ಆಕೆಯನ್ನು ಹೊರಗೆ ಕಳಿಸಲು ಹೇಳಿದರು. ಕಾವಲಿನವನು ಹತ್ತಿರ ಬಂದ. "ಅಮ್ಮಾ, ಕೂತ್ಕೊಂಡು ಹೇಳ್ರಿ, ಕಾಲು ನೋಯ್ತದೆ," ಎಂದು ಕುರ್ಚಿ ತಂದಿಟ್ಟ. ಅವನ ಕೆಲಸ ಅಂದೇ ಹೋಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಯ ಕ್ರಮ ಬದಲಾಯಿತು. ಪೆಟ್ಟಿಗೆ ತೆರೆದ ಮೆಷಿನ್ ವಾಪಸು ಹೋಗಬಹುದಾಯಿತು. ಹಳೇ ಮಾಡೆಲ್ ಎಂದಿದ್ದ ಗುಂಡಿಯ ಮೆಷಿನ್ ಸಾಲಿನ ತುದಿಯಿಂದ ಹೊರಬಂತು. ಅನಸೂಯಮ್ಮ ಗುಂಡಿ ತಿರುಗಿಸಿದಳು. ಟಕ್ ಟಕ್ ಎಂದಿತು. ಆಕೆಯ ಕಣ್ಣಲ್ಲಿ ನೀರು ಬಂತು. ಅದು ಸಂತೋಷದ ನೀರಲ್ಲ. ಇದು ಇಲ್ಲೇ ಇತ್ತು, ಈ ಹತ್ತು ಹೆಜ್ಜೆ ಯಾರೂ ನನ್ನನ್ನು ನಡೆಸಲಿಲ್ಲ ಎಂದು ಆಕೆಯ ಒಳಗು ಉರಿಯುತ್ತಿತ್ತು.

ವ್ಯಾನು ಹೊರಡುವ ಮೊದಲು ಮ್ಯಾನೇಜರು ಮೊಬೈಲು ಹಿಡಿದು ಬಂದರು. "ಮೇಡಂ, ನಮ್ಮ ಸರ್ವಿಸ್ ತೃಪ್ತಿ ಕೊಟ್ಟಿತು ಅಂತ ಒಂದು ಮಾತು ಹೇಳಿಬಿಡಿ. ರೆಕಾರ್ಡ್ ಮಾಡ್ಕೋತೀವಿ."

ಅನಸೂಯಮ್ಮ ದನಿ ಸರಿಮಾಡಿಕೊಂಡು ಹೇಳಿದಳು: "ನನಗೆ ಬೇಕಾದ ಮೆಷಿನ್ ನಾನು ಮೊದಲ ದಿನ ಬಂದಾಗಲೂ ಈ ಅಂಗಡಿಯಲ್ಲೇ ಇತ್ತು. ಇವರು ನನ್ನ ಗಂಡನ ಕೈಯಲ್ಲಿ ತಪ್ಪಾಯಿತು ಅನ್ನಿಸಿದರು."

ಮ್ಯಾನೇಜರು ಮೊಬೈಲನ್ನು ಜೇಬಿಗಿಟ್ಟುಕೊಂಡರು. ಆಕೆ ಮನೆಗೆ ಹೋದಳು. ಗಂಡನ ಬಟ್ಟೆಯನ್ನು ಅಂದಿನಿಂದ ಆ ಮೆಷಿನ್ನಿನಲ್ಲಿ ಆಕೆಯೇ ಒಗೆದು ಒಣಗಿಸಿದಳು. ಆದರೆ ಆ ಸಿಟ್ಟು ಆಕೆಯನ್ನು ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮೃತ್ಯುಂಜಯನಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

"ಅವನು ಅಡಗಿ ನಿಂತದ್ದು ತಪ್ಪು ಬುದ್ಧಿ. ಒಪ್ಪಿದೆ. ಆದರೆ ಮಾರಿದ ದಿನ ಅವನು ಆಡಿದ್ದರಲ್ಲಿ ಸುಳ್ಳು ಯಾವುದು?"

"ಒಂದೂ ಇಲ್ಲ."

"ಹಾಗಾದರೆ ಅವನ ಪಾಪ ಯಾವುದು?"

ಗುರುಗಳು ಎದ್ದು ನಿಂತರು.

"ಆಕೆಗೆ ಕಣ್ಣು ಕಾಣುವುದಿಲ್ಲ ಎಂಬುದು ಅವನಿಗೆ ಕಂಡಿತ್ತು."