ಮೀಸೆಯಣ್ಣನ ಹದಿಮೂರನೆಯ ಸುರಂಗ

ಮಕ್ಕಳೇ, ಕೂಡಿಡುವುದು ಒಳ್ಳೆಯದು ಅಂತ ಮನೆಯಲ್ಲಿ ಹೇಳಿರುತ್ತಾರೆ. ನಾನೂ ಇಲ್ಲ ಅನ್ನುವುದಿಲ್ಲ. ಆದರೆ ಎಷ್ಟು ಕೂಡಿಡಬೇಕು ಅಂತ ನೀವು ಯಾವತ್ತಾದರೂ ಕೇಳಿದ್ದೀರಾ? ಒಂದು ಇಲಿ ಕೇಳಿತು.

ಕಾಡಿನ ಅಂಚಿನ ದಿಬ್ಬದಡಿ ಇಲಿಗಳ ಕೇರಿ ಇತ್ತು. ಎದುರಿನ ಬಯಲಲ್ಲಿ ಕಾಡುಸಾಮೆ ಬೆಳೆಯುತ್ತಿತ್ತು. ಕಾಳು ತರಲು ಹೋದರೆ ಮೇಲೆ ಗಿಡುಗ. ಅರ್ಧ ದಿನ ಪೊದೆಯಲ್ಲಿ ಅವಿತು ಕೂರುವುದರಲ್ಲೇ ಕಳೆಯುತ್ತಿತ್ತು.

ಕೇರಿಯ ಯಜಮಾನ ಮೀಸೆಯಣ್ಣ ಒಂದು ಉಪಾಯ ಹೇಳಿದ. "ತಂದ ಹತ್ತು ಕಾಳಿನಲ್ಲಿ ಮೂರು ಎತ್ತಿಡೋಣ. ಅದನ್ನು ತಿಂದುಕೊಂಡು ನಾಲ್ವರು ಸುರಂಗ ತೋಡಲಿ. ನೆಲದೊಳಗೇ ಬಯಲಿಗೆ ಹೋಗಿ ಬರಬಹುದು."

ತೋಡಿದರು. ಬರುವ ಕಾಳು ಎರಡರಷ್ಟಾಯಿತು. ಎರಡನೆಯ ಸುರಂಗದಿಂದ ಇನ್ನಷ್ಟು ಬಂತು. ಮೂರನೆಯದರಿಂದಲೂ ಒಂದಿಷ್ಟು ಬಂತು.

ಮೀಸೆಯಣ್ಣನಿಗೆ ರುಚಿ ಹತ್ತಿತು. "ಹತ್ತರಲ್ಲಿ ಐದು ಎತ್ತಿಡಿ" ಎಂದ. ಆಮೇಲೆ "ಏಳು" ಎಂದ. ತೋಡುವವರು ಇಪ್ಪತ್ತು ಜನರಾದರು, ಸುರಂಗ ಹನ್ನೆರಡಾದವು.

ಅದೇ ಕೇರಿಯ ಬೂದವ್ವನಿಗೆ ಐದು ಮರಿಗಳು. ಹೊಟ್ಟೆಗೆ ಸಾಲದೆ ಅವಳಿಗೆ ಹಾಲು ಬತ್ತುತ್ತಿತ್ತು. ಎಲ್ಲಕ್ಕಿಂತ ಚಿಕ್ಕ ಮರಿ ಕುಂಯ್‌ಗುಟ್ಟುವುದನ್ನೂ ನಿಲ್ಲಿಸಿತ್ತು. ಅವಳಿಗೆ ಭಯವಾಯಿತು.

"ಮೀಸೆಯಣ್ಣ, ಸುರಂಗ ಹೆಚ್ಚಾದವು. ಕಾಳು ಯಾಕೆ ಹೆಚ್ಚಾಗಲಿಲ್ಲ?"

"ಹದಿಮೂರನೆಯದು ಆಗಲಿ ತಂಗಿ, ಆಮೇಲೆ ನೋಡು."

"ಹನ್ನೆರಡನೆಯದಕ್ಕೂ ಇದನ್ನೇ ಹೇಳಿದ್ದಿರಲ್ಲ?"

"ಸ್ವಲ್ಪ ಹೊಟ್ಟೆ ಕಟ್ಟಮ್ಮ. ಇದೆಲ್ಲ ನಾಳೆ ನಿನ್ನ ಮರಿಗಳಿಗೇ ತಾನೇ?"

ನಾಳೆಯವರೆಗೆ ಮರಿ ಇರಬೇಕಲ್ಲ ಅಂದುಕೊಂಡಳು ಬೂದವ್ವ. ಎತ್ತಿಟ್ಟ ಏಳು ಕಾಳು ಹೋಗುವುದಾದರೂ ಎಲ್ಲಿಗೆ? ಅವಳಿಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಮರಿಗಳನ್ನು ಪಕ್ಕದವಳಿಗೆ ಒಪ್ಪಿಸಿ, ತೋಡುವವರ ಹಿಂದೆಯೇ ಹೊರಟಳು.

ಮಳೆಗೆ ಆರನೆಯ ಸುರಂಗದ ಮೇಲಿನ ಮಾಡು ಕುಸಿದಿತ್ತು. ಅದನ್ನು ಎತ್ತಿ ಕಟ್ಟಿದರು. ಅಷ್ಟರಲ್ಲಿ ಹನ್ನೊಂದನೆಯದು ಕುಸಿಯಿತು.

"ಹೊಸದನ್ನು ಯಾವಾಗ ತೋಡುತ್ತೀರಿ?" ಎಂದು ಕೇಳಿದಳು.

"ಹೊಸದಾ? ಹಳೆಯದು ಬೀಳುವುದು ನಿಂತರೆ ತಾನೇ ಅಕ್ಕ. ಇಪ್ಪತ್ತು ಜನಕ್ಕೂ ರಿಪೇರಿಯೇ ಆಯಿತು."

ಅವಳು ಸುರಂಗಗಳ ತುದಿಯವರೆಗೂ ಹೋಗಿ ನೋಡಿದಳು. ಏಳನೆಯದು, ಎಂಟನೆಯದು, ಒಂಬತ್ತನೆಯದು ಮೂರೂ ಒಂದೇ ಸಾಮೆಗಿಡದ ಬುಡದಲ್ಲಿ ತೆರೆಯುತ್ತಿದ್ದವು. ತೆನೆ ಒಂದೇ, ಬಾಗಿಲು ಮೂರು.

ಇದನ್ನು ಹೇಳಲು ಓಡಿ ಬಂದರೆ, ಮೀಸೆಯಣ್ಣ ತಾನೇ ಹದಿಮೂರನೆಯದನ್ನು ತೋಡಲು ಇಳಿದಿದ್ದ. "ಬಂತು ನೋಡು, ಬಯಲು ಬಂದೇಬಿಟ್ಟಿತು" ಎನ್ನುತ್ತ ಕೊನೆಯ ಮಣ್ಣನ್ನು ತಳ್ಳಿದ. ತೂತು ಬಿದ್ದದ್ದು ಹತ್ತನೆಯ ಸುರಂಗಕ್ಕೆ. ಎರಡರ ಮಾಡೂ ಅವನ ಮೇಲೆ ಕುಸಿದವು. ಮೀಸೆ ಮಾತ್ರ ಹೊರಗೆ ಕಾಣುತ್ತಿತ್ತು.

ಬೂದವ್ವ ತೋಡುವವರನ್ನು ಕೂಗಿದಳು.

"ನಾವು ರಿಪೇರಿ ಬಿಟ್ಟು ಬಂದರೆ ಈ ಮಾಡುಗಳೆಲ್ಲ ಬೀಳುತ್ತವೆ" ಎಂದರು ಅವರು.

"ಬೀಳಲಿ ಬಿಡಿ. ಅಣ್ಣನನ್ನು ತೆಗೆಯಿರಿ."

ಇಪ್ಪತ್ತು ಜನ ಬಂದು ಮಣ್ಣು ಸರಿಸಿದರು. ಕಣ್ಣು ಬಿಟ್ಟವನೇ ಮೀಸೆಯಣ್ಣ ಕೇಳಿದ, "ಸುರಂಗಗಳು?"

"ಏಳು ಹೋದವು. ಐದು ಉಳಿದಿವೆ."

ಅವನು ಕೂತು ಅತ್ತೇಬಿಟ್ಟ.

ಸಂಜೆ ಕಾಳು ಬಂತು. ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ ರಾಶಿ. ಮೀಸೆಯಣ್ಣ ಅದನ್ನು ಸುತ್ತು ಹಾಕಿ ನೋಡಿದ, ಮತ್ತೊಂದು ಸುತ್ತು ಹಾಕಿದ.

"ಏಳು ಹೋದರೂ ಒಂದು ಕಾಳೂ ಕಡಿಮೆಯಾಗಲಿಲ್ಲವಲ್ಲ ತಂಗಿ. ಹಾಗಾದರೆ ಇಷ್ಟು ದಿನ ನಾನು ನಿಮ್ಮ ಹೊಟ್ಟೆ ಕಟ್ಟಿಸಿದ್ದು ಯಾಕೆ?"

ಡೊಳ್ಳುಹೊಟ್ಟೆಯ ಇಲಿಯೊಂದು, "ಹಾಗಾದರೆ ಇನ್ನು ಎಲ್ಲವನ್ನೂ ತಿಂದುಬಿಡೋಣ" ಎಂದಿತು.

"ಉಳಿದ ಐದರ ಮಾಡನ್ನು ನಿನ್ನ ತಲೆಯ ಮೇಲೆ ನಿಲ್ಲಿಸೋಣವಾ?" ಎಂದಳು ಬೂದವ್ವ. "ಹತ್ತರಲ್ಲಿ ಮೂರು ಎತ್ತಿಡೋಣ, ಏಳು ಹಂಚೋಣ."

ನಾಲ್ಕನೆಯ ದಿನ ಬೂದವ್ವನ ಚಿಕ್ಕ ಮರಿ ಕುಂಯ್ ಎಂದಿತು. ಮೀಸೆಯಣ್ಣ ಊಟ ಬಿಟ್ಟು ಎದ್ದು ಬಂದು, ಅದು ಇನ್ನೊಮ್ಮೆ ಕೂಗುವವರೆಗೂ ಅಲ್ಲೇ ಕೂತಿದ್ದ.

ನೀತಿ: ನಾಳೆಗೆಂದು ಉಳಿಸಬೇಕು; ಆದರೆ ಉಳಿಸಿದ್ದೆಲ್ಲ ಹಳೆಯದನ್ನು ಕಾಯುವುದರಲ್ಲೇ ಕರಗುತ್ತಿದ್ದರೆ, ಇವತ್ತಿನ ತುತ್ತನ್ನು ಮಕ್ಕಳಿಗೇ ಕೊಡಬೇಕು.