ಒರೆಸಿ ಬರೆದ ಉತ್ತರ

ಹೊಳೆದಂಡೆಯ ಮೇಲೊಂದು ಆಶ್ರಮದ ಶಾಲೆ. ಅಲ್ಲಿ ಚೆನ್ನವೀರಯ್ಯ ಎಂಬ ಗುರುಗಳು ಭೌತವಿಜ್ಞಾನ ಕಲಿಸುತ್ತಿದ್ದರು. ಚಲನೆ, ಬೆಳಕು, ವಿದ್ಯುತ್ತು, ಕಾಂತ. ಪರೀಕ್ಷೆಯಲ್ಲಿ ಎಂಬತ್ತು ಅಂಕ ಬರೆಯುವುದಕ್ಕೆ. ಇಪ್ಪತ್ತು, ಕೈಯಿಂದ ಮಾಡಿ ತೋರಿಸುವುದಕ್ಕೆ.

ಬರೆಯುವುದೆಂದರೆ ಅಲ್ಲಿ ಓದುತ್ತಿದ್ದ ನೀಲಾಂಬಿಕೆಗೆ ಕಷ್ಟ. ಹೋದ ವರ್ಷ ಅದರಲ್ಲೇ ಫೇಲಾಗಿದ್ದಳು. ಈ ಇಪ್ಪತ್ತು ಪೂರ್ತಿ ಬಂದರೆ ದಡ ಸೇರಿದ ಹಾಗೆ. ಇಲ್ಲದಿದ್ದರೆ ಈ ಸಲವೂ ಇಲ್ಲ.

ನಾಳೆ ಬೆಳಿಗ್ಗೆ ಹೊರಗಿನ ಪರೀಕ್ಷಕರು ಬರುವವರಿದ್ದರು. ಪ್ರಯೋಗ ಬರೆದಿಟ್ಟ ರೆಕಾರ್ಡ್ ಪುಸ್ತಕಕ್ಕೆ ಗುರುಗಳ ಸಹಿ ಇಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ.

ಗುರುಗಳು ಅವಳ ಪುಸ್ತಕ ತೆರೆದರು. ಪೆನ್ನು ಎತ್ತಲಿಲ್ಲ.

ದಾರಕ್ಕೆ ಕಲ್ಲು ಕಟ್ಟಿ ತೂಗಬಿಡಬೇಕು. ಅದು ಇಪ್ಪತ್ತು ಸಲ ಹೋಗಿ ಬರುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ನೋಡಬೇಕು. ಅದರಿಂದ ಭೂಮಿಯ ಎಳೆತ ಎಷ್ಟೆಂದು ಲೆಕ್ಕ ಹಾಕಬೇಕು. ಅದು ಪ್ರಯೋಗ. ಅವಳ ಉತ್ತರ ಒಂಬತ್ತು ಪಾಯಿಂಟ್ ಎಂಟು. ಪಾಠದಲ್ಲಿ ಇದ್ದದ್ದೂ ಅದೇ. ಆದರೆ ಅಲ್ಲಿ ಕಾಗದ ರಬ್ಬರು ತಿಕ್ಕಿ ತೆಳ್ಳಗಾಗಿತ್ತು.

ಮೊದಲು ಎಷ್ಟು ಬಂದಿತ್ತು ಎಂದು ಗುರುಗಳು ಕೇಳಿದರು. ಹತ್ತು ಪಾಯಿಂಟ್ ಏಳು ಎಂದಳು.

"ಭೂಮಿತಾಯಿ ನಿನ್ನ ಕಲ್ಲನ್ನು ಮಾತ್ರ ಅಷ್ಟು ಜೋರಾಗಿ ಎಳೆದಳೇನವ್ವ?"

ಅವಳಿಗೆ ನಗು ಬರಲಿಲ್ಲ. ಮೂರು ಸಲ ಮಾಡಿದರೂ ಅದೇ ಬಂತು, ಹೆದರಿಕೆ ಆಯಿತು ಅಂದಳು. ಉತ್ತರ ಗೊತ್ತೇ ಇದೆಯಲ್ಲ, ಹಿಂದಿನಿಂದ ಲೆಕ್ಕ ಹಾಕಿಕೊಂಡು ಬಾ ಎಂದು ಗೆಳತಿಯರು ಹೇಳಿಕೊಟ್ಟಿದ್ದರಂತೆ.

ನನ್ನೆದುರಿಗೆ ಮಾಡು, ಬಾಯಿಬಿಟ್ಟು ಎಣಿಸು ಎಂದರು ಗುರುಗಳು.

ಅವಳು ಕಲ್ಲನ್ನು ಎಳೆದು ಹಿಡಿದಳು. ಬಿಡುತ್ತಲೇ "ಒಂದು" ಅಂದಳು.

ಗುರುಗಳು ಕಲ್ಲನ್ನು ಕೈಯಲ್ಲಿ ತಡೆದರು. ಅಂಗಳದ ಕರಿಬೇವಿನ ಗಿಡಕ್ಕೆ ಹೊಳೆಯಿಂದ ಎರಡು ಕೊಡ ನೀರು ತಂದು ಹಾಕು ಎಂದರು.

ಹೊತ್ತು ಇಳಿಯುತ್ತಿತ್ತು. ಇನ್ನು ಇವತ್ತು ಸಹಿ ಸಿಗುವ ಹಾಗಿಲ್ಲ ಎಂದುಕೊಂಡು ಅವಳು ಬರಿಗೊಡ ಎತ್ತಿ ಸೊಂಟಕ್ಕಿಟ್ಟಳು.

"ಒಂದು ಕೊಡ ಆಯಿತು" ಎಂದರು ಗುರುಗಳು.

"ನಾನಿನ್ನೂ ಹೊಳೆಗೇ ಹೋಗಿಲ್ಲವಲ್ಲ ಗುರುಗಳೇ."

ಗುರುಗಳು ಕಲ್ಲಿನ ಕಡೆ ನೋಡಿದರು.

ಅವಳು ಕೊಡ ಹಿಡಿದು ನಿಂತೇ ಇದ್ದಳು. ಕಲ್ಲು ಬಿಟ್ಟಾಗ ಅದೂ ಇನ್ನೂ ಹೋಗಿರಲಿಲ್ಲ, ಬಂದಿರಲಿಲ್ಲ. ಇಷ್ಟು ದಿನ ಹತ್ತೊಂಬತ್ತನ್ನೇ ಇಪ್ಪತ್ತು ಎಂದು ಎಣಿಸಿದ್ದಳು.

ಕೊಡ ಇಳಿಸಿ ಮತ್ತೆ ಮಾಡಿದಳು. ಬಿಡುವಾಗ ಸೊನ್ನೆ. ಹೋಗಿ ಬಂದ ಮೇಲೆ ಒಂದು. ಮೂರು ಸಲ ಮಾಡಿ, ಲೆಕ್ಕ ಹಾಕಿ, ಪುಸ್ತಕದಲ್ಲಿ ಹಳೆಯ ಉತ್ತರ ಹೊಡೆದು ಹೊಸದನ್ನು ಬರೆದಳು.

ಒಂಬತ್ತು ಪಾಯಿಂಟ್ ಆರು.

ಅವಳ ಮುಖ ಬಾಡಿತು. ಈಗ ಪಾಯಿಂಟ್ ಎರಡು ಕಡಿಮೆ. ಬೆರಳು ತಾನಾಗಿ ರಬ್ಬರು ಹುಡುಕಿತು.

ಅಷ್ಟರಲ್ಲಿ ಗುರುಗಳು ಪುಸ್ತಕ ಎಳೆದುಕೊಂಡು ಸಹಿ ಹಾಕಿದರು.

"ಆರು ಯಾಕೆ ಬಂತು ಅಂತ ನಾಳೆ ಅವರು ಕೇಳಿದರೆ ಗುರುಗಳೇ?"

"ಎಂಟು ಹೇಗೆ ಬಂತು ಅಂತ ಕೇಳಿದ್ದರೆ ಏನು ಹೇಳುತ್ತಿದ್ದೆ?"